ಗುಂಗಿಹೂವಿನ ಹನ್ನೆರಡು ಕುಂಡಗಳು

ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಡುಗೆಮನೆಯಿಂದ ಅಪ್ಪನ ದನಿ ಬಂತು. "ನಿನ್ನ ಕುಂಡಗಳನ್ನೆಲ್ಲ ಒಪ್ಪ ಮಾಡಿಟ್ಟಿದೀನಿ ಕಣೇ. ಹೋಗಿ ನೋಡು."

ಅಪ್ಪ ಒಪ್ಪ ಮಾಡಿದ್ದೀನಿ ಅಂದರೆ ನನಗೆ ಚಿಕ್ಕಂದಿನಿಂದಲೂ ದಿಗಿಲು. ಅವನು ಒಪ್ಪ ಮಾಡಿದ ಕಪಾಟಿನಲ್ಲಿ ಪುಸ್ತಕಗಳು ಎತ್ತರದ ಪ್ರಕಾರ ನಿಂತಿರುತ್ತವೆ, ಬೇಕಾದದ್ದು ಮಾತ್ರ ಸಿಗುವುದಿಲ್ಲ. ಬ್ಯಾಗನ್ನು ಅಲ್ಲೇ ಎಸೆದು ಮೆಟ್ಟಿಲು ಹತ್ತಿದೆ. ತಾರಸಿಯ ಬಾಗಿಲು ತೆರೆದೆ.

ಹನ್ನೆರಡು ಕುಂಡಗಳು ಗೋಡೆಯುದ್ದಕ್ಕೂ ದಾರ ಹಿಡಿದು ಜೋಡಿಸಿದಂತೆ ಒಂದೇ ಸಾಲಿನಲ್ಲಿದ್ದವು. ಪ್ರತಿಯೊಂದರ ನಟ್ಟನಡುವೆ ಒಂದೇ ಒಂದು ಸಸಿ. ಎಲ್ಲವೂ ಒಂದೇ ಎತ್ತರ. ನಾನು ಊರು ಬಿಡುವಾಗ ಅಲ್ಲಿ ಮೂವತ್ತಮೂರು ಸಸಿಗಳಿದ್ದವು.

ಇವು ಯಾವ ಸಸಿಗಳು ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ನಾನು ಬೀಜದ ಉಗ್ರಾಣದಲ್ಲಿ ಕೆಲಸ ಮಾಡುವವಳು. ಕಾಡುಗಿಡಗಳ ಬೀಜ ಒಣಗಿಸುವುದು, ಶುಚಿ ಮಾಡುವುದು, ಪೊಟ್ಟಣ ಕಟ್ಟಿ ಶೀತಲ ಕೋಣೆಯ ಡಬ್ಬಿಗಳಲ್ಲಿ ಇಡುವುದು ನನ್ನ ಕೆಲಸ. ಅಲ್ಲಿ ಗುಂಗಿಹೂವಿನದು ಒಂದೇ ಪೊಟ್ಟಣ ಉಳಿದಿತ್ತು. ಮೊಳೆತು, ಹೂಬಿಟ್ಟು, ಬೀಜ ಉದುರಿಸಿ, ಒಂದೇ ವರ್ಷದೊಳಗೆ ತನ್ನ ಸಂಸಾರ ಮುಗಿಸಿಬಿಡುವ ಗಿಡ ಅದು. ಅದು ತಾನಾಗಿ ಬೆಳೆಯುತ್ತಿದ್ದ ಬಯಲು ಈಗ ಬಸ್ ಡಿಪೋ ಆಗಿದೆ. ಪೊಟ್ಟಣದೊಳಗಿನ ಬೀಜಗಳಿಗೆ ಹನ್ನೊಂದು ವರ್ಷವಾಗಿತ್ತು, ಪರೀಕ್ಷೆ ಮಾಡಿದಾಗಲೆಲ್ಲ ಇನ್ನಷ್ಟು ಸತ್ತಿರುತ್ತಿದ್ದವು. ಉಳಿದ ಅರವತ್ತನಾಲ್ಕನ್ನೂ ಈ ಸಲ ಬಿತ್ತಿ ಹೊಸ ಬೀಜ ಪಡೆಯಲೇಬೇಕು ಎಂದರು ನಮ್ಮ ಉಗ್ರಾಣದ ಮೇಡಂ. ಅಲ್ಲಿನ ಗಾಜಿನ ಮನೆಯ ಚಾವಣಿ ರಿಪೇರಿಗೆ ಕಿತ್ತಿದ್ದರಿಂದ ನಾನೇ ಸಹಿ ಹಾಕಿ ಮನೆಗೆ ತಂದಿದ್ದೆ. ಈ ಸಲ ಬೀಜ ಕಟ್ಟದಿದ್ದರೆ ಗುಂಗಿಹೂವು ಇನ್ನು ಫೋಟೋದಲ್ಲಿ ಮಾತ್ರ.

"ಉಳಿದವೆಲ್ಲಿ?" ಅಂದೆ. ಅಪ್ಪ ಏದುಸಿರು ಬಿಡುತ್ತ ನನ್ನ ಹಿಂದೆಯೇ ಹತ್ತಿ ಬಂದಿದ್ದ.

"ಕಿತ್ತು ಹಾಕ್ದೆ. ಒಂದೊಂದ್ರಲ್ಲಿ ಮೂರು ಮೂರು ಇದ್ವು, ಎಲ್ಲಾ ಸೊರಗಿ ಹೋಗ್ತಿದ್ವು. ಗಟ್ಟಿಮುಟ್ಟಾಗಿರೋದನ್ನ ಇಟ್ಕೊಂಡು ನರಪೇತಲಗಳನ್ನ ತೆಗೆದೆ. ನಿನ್ ಮಣ್ಣೂ ಸರಿಯಿರ್ಲಿಲ್ಲ, ಬರೀ ಮರಳು. ಬೇರೆ ಮಣ್ಣು ಹಾಕಿದೀನಿ ನೋಡು."

"ಹಳೇ ಮಣ್ಣು?"

"ಬೆಳಿಗ್ಗೆ ಕಸದ ಗಾಡಿಗೆ ಕೊಟ್ಟೆ."

ಅಪ್ಪ ನಲವತ್ತು ವರ್ಷ ನರ್ಸರಿಯಲ್ಲಿ ಸಸಿ ಬೆಳೆಸಿದವನು. ಜೊತೆಯವರು ಅವನನ್ನು ಕತ್ತರಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸಾವಿರ ಸಸಿ ಒಂದೇ ಅಳತೆ, ಒಂದೇ ದಿನ ಹೂ. ಅದು ಅವನ ಹೆಮ್ಮೆ. ಅವನು ಮಾಡಿದ್ದು ಅವನ ಕಸುಬಿನ ಮೊದಲ ಪಾಠ. ಆದರೆ ಗುಂಗಿಹೂವು ಆ ಪಾಠ ಓದಿದ ಗಿಡವಲ್ಲ. ಅದರ ಬೀಜಗಳು ಒಟ್ಟಿಗೆ ಮೊಳೆಯುವುದೇ ಇಲ್ಲ. ಮೊದಲು ಕೆಲವು, ಹತ್ತು ದಿನ ಬಿಟ್ಟು ಇನ್ನು ಕೆಲವು, ತಿಂಗಳು ಕಳೆದ ಮೇಲೆ ಮತ್ತೆ ಕೆಲವು. ಚಳಿ ಬೇಗ ಬಿಡಲಿ, ತಡವಾಗಿ ಬಿಡಲಿ, ಹುಳು ಬರುವ ಹೊತ್ತಿಗೆ ಯಾವುದೋ ಒಂದಷ್ಟು ಹೂವಾಗಿರಬೇಕಲ್ಲ, ಅದಕ್ಕೆ. ಅಪ್ಪ ನರಪೇತಲ ಅಂದದ್ದೆಲ್ಲ ತಡವಾಗಿ ಮೊಳೆತವು. ಇನ್ನೂ ಮೊಳೆಯದೆ ಮಣ್ಣಿನಲ್ಲಿ ಮಲಗಿದ್ದ ಮೂವತ್ತೊಂದು ಬೀಜಗಳು ಕಸದ ಗಾಡಿ ಹತ್ತಿ ಹೋಗಿದ್ದವು.

ಕಿತ್ತ ಸಸಿಗಳು ತಾರಸಿಯ ಮೂಲೆಯಲ್ಲಿ ಎರಡು ದಿನದ ಬಿಸಿಲಿಗೆ ಹುರಿದ ದಾರವಾಗಿ ಬಿದ್ದಿದ್ದವು. ನೀರಿನಲ್ಲಿ ಹಾಕಿ ನೋಡಿದೆ. ಒಂದೂ ತಲೆ ಎತ್ತಲಿಲ್ಲ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಎಲ್ಲರೂ ಬಲ್ಲರು. ಆ ದಿನ ಅದು ಅಲ್ಲಿಗೂ ನಿಲ್ಲಲಿಲ್ಲ. "ನಿನಗೆ ಯಾರು ಹೇಳಿದ್ರು? ನೀರು ಹಾಕು ಅಂದೆ, ನೀರಷ್ಟೇ! ಒಂದು ಜಾತಿನೇ ನಿರ್ನಾಮ ಮಾಡಿಬಿಟ್ಯಲ್ಲಪ್ಪ! ಇನ್ನು ನನ್ನ ಕುಂಡ ಮುಟ್ಬೇಡ. ಬೆರಳೂ ತಾಗಿಸ್ಬೇಡ." ಎದುರು ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿದರು. ಅಪ್ಪ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ.

ಮೇಡಂಗೆ ಫೋನ್ ಮಾಡಿದೆ. "ಹನ್ನೆರಡಾದ್ರೂ ಉಳಿದಿವೆಯಲ್ಲ. ಅವನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ" ಅಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾಲ್ಕು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಟೀ ಕುಡಿಯುತ್ತೀಯಾ, ಕುಡಿಯುತ್ತೀನಿ. ಬಾಗಿಲು ಹಾಕಿದೆಯಾ, ಹಾಕಿದೆ. ಅಪ್ಪ ತಾರಸಿಗೆ ಬರುತ್ತಿದ್ದ, ಕುಂಡಗಳಿಂದ ಮೂರು ಹೆಜ್ಜೆ ದೂರ ಕುರ್ಚಿ ಹಾಕಿ ಕೂರುತ್ತಿದ್ದ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಅದನ್ನು ನೋಡಿ ನನಗೆ ಕರುಳು ಚುರುಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಬೇಕಂತಲೇ ಮಾಡುತ್ತಿದ್ದಾನೆ ಅಂದುಕೊಂಡೆ.

ಒಂದು ದಿನ ಮಧ್ಯಾಹ್ನ ಶೀತಲ ಕೋಣೆಯಿಂದ ಹೊರಗೆ ಬಂದು ಫೋನ್ ನೋಡಿದರೆ ಅಪ್ಪನ ಹದಿನಾಲ್ಕು ಕರೆ. ಒಳಗೆ ಫೋನ್ ಒಯ್ಯುವಂತಿಲ್ಲ ನಮ್ಮಲ್ಲಿ. ತಕ್ಷಣ ವಾಪಸು ಮಾಡಿದೆ.

"ಏನಾಯ್ತಪ್ಪ?"

"ಗಾಳಿಗೆ ಒಂದು ಕುಂಡ ಉರುಳಿದೆ. ಗಿಡ ಬೇರು ಸಮೇತ ಆಚೆ ಬಂದಿದೆ. ಎತ್ತಿಡ್ಲಾ?"

"ಯಾವಾಗ ಬಿತ್ತು?"

"ಹತ್ತೂವರೆಗೆ."

ಗಡಿಯಾರ ನೋಡಿದೆ. ಒಂದು ಗಂಟೆಯಾಗಿತ್ತು. "ಎರಡೂವರೆ ಗಂಟೆ ಅದನ್ನ ನೋಡ್ತಾ ನಿಂತಿದ್ಯಾ?"

"ಕೊಡೆ ಹಿಡ್ಕೊಂಡಿದ್ದೆ, ಬೇರಿಗೆ ಬಿಸಿಲು ಬೀಳ್ದ ಹಾಗೆ. ಮುಟ್ಬೇಡ ಅಂದಿದ್ಯಲ್ಲ."

ನಾಲಿಗೆ ಕಚ್ಚಿಕೊಂಡೆ. "ಎತ್ತಿಡು" ಅಂದೆ. ಅವನು ಎತ್ತಿಟ್ಟ. ಆದರೆ ಹೊತ್ತು ಮೀರಿತ್ತು, ಮೂರನೆಯ ದಿನಕ್ಕೆ ಗಿಡ ಒಣಗಿತು. ಉಳಿದದ್ದು ಹನ್ನೊಂದು. ಇದು ನನ್ನ ಲೆಕ್ಕಕ್ಕೆ ಎಂದು ಆ ಹೊತ್ತಿನಲ್ಲೇ ಗೊತ್ತಾಗಿತ್ತು, ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಆ ವಾರದ ಕೊನೆಗೆ ಹನ್ನೊಂದೂ ಗಿಡಗಳು ಒಟ್ಟಿಗೆ ಹೂಬಿಟ್ಟವು. ಅರಿಶಿನದಂಥ ಐದೈದು ದಳ, ನಡುವೆ ಕಂದು ಕೇಸರಗಳ ಗೊಂಚಲು. ನರ್ಸರಿಯಲ್ಲಾಗಿದ್ದರೆ ಅಪ್ಪನ ಬೆನ್ನು ತಟ್ಟುತ್ತಿದ್ದರು. ಆದರೆ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

ಈ ಹೂವಿನ ಕೇಸರ ಬಾಯಿಮುಚ್ಚಿದ ಕೊಳವೆ. ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಪರಾಗ ಒಳಗೆ ಬಂದಿ. ನೀಲಿಗಪ್ಪು ಬಣ್ಣದ ಗುಂಗಿ ಹುಳು ಬಂದು ಹೂವನ್ನು ತಬ್ಬಿ ಹಿಡಿದು ಮೈಯನ್ನು ಗುಂಯ್ ಎಂದು ನಡುಗಿಸಿದರೆ ಮಾತ್ರ ಪರಾಗ ಉಪ್ಪು ಉದುರಿದ ಹಾಗೆ ಉದುರುತ್ತದೆ. ಅದರಿಂದಲೇ ಆ ಹೆಸರು. ತನ್ನದೇ ಗಿಡದ ಪರಾಗವನ್ನು ಹೂವು ಒಪ್ಪುವುದೂ ಇಲ್ಲ, ಪಕ್ಕದ ಗಿಡದ್ದೇ ಆಗಬೇಕು. ಗುಂಗಿ ಹುಳು ಗೂಡಿನಿಂದ ಹೊರಬರುವುದು ಬಿಸಿಲು ಬಲಿತ ಮೇಲೆ. ಅದಕ್ಕೆ ಇನ್ನೂ ಮೂರು ವಾರವಾದರೂ ಬೇಕಿತ್ತು. ಹೂವಿನ ಆಯುಸ್ಸು ಒಂದು ಬೆಳಗು, ಗಿಡದ ಹೂಗಾಲ ಎರಡು ವಾರ.

ಜೇನುಹುಳುಗಳು ಬಂದವು. ಬಾಗಿಲು ಹಾಕಿದ ಅಂಗಡಿಯ ಮುಂದೆ ನಿಂತ ಗಿರಾಕಿಗಳ ಹಾಗೆ ಒಂದು ಸುತ್ತು ಸುತ್ತಿ ವಾಪಸು ಹೋದವು. ಬಣ್ಣದ ಕುಂಚ ತಂದು ಕೇಸರವನ್ನು ಸವರಿದೆ, ಏನೂ ಅಂಟಲಿಲ್ಲ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ಹಿಡಿದು ನೋಡಿ ಎಂದರು ಮೇಡಂ. ಅದನ್ನೂ ಮಾಡಿದೆ. ಹೂವಿಗೆ ಹಲ್ಲುಜ್ಜುತ್ತಿರುವ ನನ್ನನ್ನು ನೋಡಿ ಎದುರು ಮನೆಯವರಿಗೆ ಅಪ್ಪ ಮಗಳು ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಖಾತ್ರಿಯಾಗಿರಬೇಕು. ಪರಾಗವೇನೋ ಉದುರಿತು, ಅದನ್ನು ಪಕ್ಕದ ಗಿಡದ ಹೂಗಳಿಗೆ ಮುಟ್ಟಿಸಿದೆ. ಮೂರನೆಯ ದಿನ ಆ ಹೂಗಳೆಲ್ಲ ತೊಟ್ಟು ಕಳಚಿ ಬಿದ್ದವು. ಚಳಿಗೆ ಪರಾಗ ಸತ್ತಿರಬೇಕು ಎಂದರು ಮೇಡಂ. ಪ್ರತಿ ಬೆಳಿಗ್ಗೆ ಉದುರಿದ ಹೂಗಳನ್ನು ಎಣಿಸುತ್ತಿದ್ದೆ. ಹದಿನೈದು. ಹತ್ತೊಂಬತ್ತು. ಇಪ್ಪತ್ತಮೂರು.

ಇಪ್ಪತ್ತಮೂರು ಉದುರಿದ ದಿನ ಅಪ್ಪ ಕುರ್ಚಿಯಿಂದಲೇ ಹೇಳಿದ. "ಚಿವುಟ್ಬೇಕು ಕಣಮ್ಮ."

"ಏನನ್ನ?"

"ಕುಡಿನ. ಹೂವು, ಮೊಗ್ಗು, ಎಲ್ಲ ಸೇರಿಸಿ ಮೂರನೇ ಎಲೆ ಮೇಲಕ್ಕೆ ಚಿವುಟಿಬಿಟ್ರೆ ಗಿಡ ಪಕ್ಕದಲ್ಲಿ ಕವಲು ಒಡೆಯುತ್ತೆ. ಹೊಸ ಕವಲಲ್ಲಿ ಹೂವು ಬರೋಕೆ ಇಪ್ಪತ್ತು ಇಪ್ಪತ್ತೆರಡು ದಿನ. ನಲವತ್ತು ವರ್ಷ ನಾನು ಹೂವಿಗೆ ತಾರೀಖು ಕೊಟ್ಟಿದೀನಿ. ಯಾವತ್ತು ಬೇಕು ಹೇಳು, ಅವತ್ತು ಬಿಡಿಸ್ತೀನಿ."

"ಅವೆಲ್ಲ ನರ್ಸರಿ ಗಿಡ. ಇದು ಕವಲು ಒಡೆಯುತ್ತೆ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ" ಅಂದ ಅಪ್ಪ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಮೇಡಂ ಖಡಾಖಂಡಿತ ಬೇಡ ಅಂದರು. "ಇರೋ ಹೂವನ್ನೇ ಕಿತ್ತು ಹಾಕ್ತೀನಿ ಅಂತೀರಲ್ಲ! ನಾಳೆಯೇ ಬಿಸಿಲೇರಿ ಹುಳ ಬಂದ್ರೆ ಏನು ತೋರಿಸ್ತೀರಿ? ಒಂದು ಸಲ ಆ ಕೈ ಆಡಿದ್ದು ಸಾಲ್ದಾ?"

ಕೊನೆಯ ಮಾತು ನನ್ನದೇ ಮಾತಾಗಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ಫೋನ್ ಇಟ್ಟು ಆಕಾಶ ನೋಡಿದೆ. ಮೋಡ, ತಣ್ಣನೆ ಗಾಳಿ. ಮೇಡಂ ಹೇಳುವುದರಲ್ಲಿ ತಪ್ಪಿರಲಿಲ್ಲ. ಚಿವುಟಿ ಗಿಡ ಸತ್ತರೆ ಜವಾಬ್ದಾರಿ ನನ್ನದು. ಚಿವುಟದೆ ಹೂವು ಮುಗಿದರೆ ಯಾರೂ ನನ್ನನ್ನು ಕೇಳುವುದಿಲ್ಲ, ಚಳಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಆ ಯೋಚನೆ ಬಂದದ್ದೇ ನನಗೆ ನಾಚಿಕೆಯಾಯಿತು.

"ಅಪ್ಪ, ಬಾ. ಚಿವುಟು."

ಅವನು ಎದ್ದ. ಹೆಬ್ಬೆರಳ ಉಗುರನ್ನು ಅಂಗಿಗೆ ಒರೆಸಿಕೊಂಡ. ಮೊದಲ ಕುಂಡದಿಂದ ಸಾಲಾಗಿ ಶುರು ಮಾಡಲು ಬಗ್ಗಿದಾಗ ತಡೆದೆ. "ಎಲ್ಲಾ ಒಂದೇ ದಿನ ಬೇಡ. ಇವತ್ತು ಎರಡು. ಮೂರು ದಿನ ಬಿಟ್ಟು ಇನ್ನೆರಡು. ಆಮೇಲೆ ಎರಡು, ಆಮೇಲೆ ಎರಡು. ಮೂರು ಗಿಡ ಹಾಗೇ ಇರ್ಲಿ, ನಾಳೆಯೇ ಹುಳ ಬಂದ್ರೆ ಅಂತ."

"ಹಂಗೆ ಮಾಡಿದ್ರೆ ಒಂದೊಂದು ಒಂದೊಂದು ದಿನ ಬಿಡುತ್ತಲ್ಲ! ಅಂದವೇ ಇರಲ್ಲ."

"ಅದೇ ಬೇಕಾಗಿರೋದು."

ಅಪ್ಪ ನನ್ನ ಮುಖವನ್ನೇ ನೋಡಿದ. ಅವನು ಕಿತ್ತದ್ದು ಏನನ್ನು ಅಂತ ಆ ಹೊತ್ತಿಗೆ ಅವನಿಗೆ ಹೊಳೆಯಿತು ಎಂದು ಕಾಣುತ್ತದೆ. "ಆಗ್ಲೇ ಹೀಗೆ ಬಿಡಿಸಿ ಹೇಳಿದ್ರೆ ನನಗೂ ಅರ್ಥ ಆಗ್ತಿತ್ತಲ್ಲೇ" ಅಂದ. ಕೂಗಾಡಿದ್ದೆ, ಹೇಳಿರಲಿಲ್ಲ. ಅವನು ಎರಡು ಗಿಡಗಳ ಹೂವು ಮೊಗ್ಗುಗಳೆಲ್ಲ ಇದ್ದ ಕುಡಿಗಳನ್ನು ಟಕ್ ಟಕ್ ಎಂದು ಚಿವುಟಿ ನನ್ನ ಅಂಗೈಗೆ ಹಾಕಿದ. ನನ್ನದೇ ಬೆರಳು ಕತ್ತರಿಸಿದಂತಾಯಿತು.

ಮುಂದಿನ ಹನ್ನೆರಡು ದಿನ ಹೇಗೆ ಕಳೆದವೋ. ಚಿವುಟಿದ ಗಿಡಗಳು ಬೋಳು ಕಡ್ಡಿಗಳಾಗಿ ನಿಂತವು. ಒಂದು ದಿನ ಹನಿ ಬಿತ್ತು, ಮೊದಲ ಜೋಡಿಯ ಒಂದು ಗಿಡ ಗಾಯದ ಜಾಗದಿಂದ ಕಪ್ಪಾಗುತ್ತ ಬಂದು ಸತ್ತೇ ಹೋಯಿತು. ಬಿಟ್ಟಿದ್ದ ಮೂರು ಗಿಡಗಳ ಹೂವು ಮುಗಿಯಿತು, ಒಂದು ಕಾಯಿಯೂ ಕಟ್ಟಲಿಲ್ಲ. ಮೇಡಂ ವಾರಕ್ಕೆರಡು ಸಲ ಕೇಳುತ್ತಿದ್ದರು, "ಹೇಗಿವೆ" ಅಂತ. "ಇವೆ ಮೇಡಂ" ಅನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಅಪ್ಪ ಕೆಳಗಿನಿಂದ ಕನ್ನಡಕ ತರಲು ಹೇಳಿದ. ಚಿವುಟಿದ ಗಿಡವೊಂದರ ಎಲೆಯ ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಗಂಟು. ಅದರ ಪಕ್ಕದ ಗಿಡದಲ್ಲಿ ಎರಡು. ಅಪ್ಪ ಕುರ್ಚಿಗೆ ವಾಪಸು ಹೋಗಿ ಕೂತು ಮುಖ ಆ ಕಡೆ ತಿರುಗಿಸಿಕೊಂಡ. ಅಳುತ್ತಿದ್ದ. ನಾನೂ ಅತ್ತೆ.

ಬಿಸಿಲು ಲೆಕ್ಕಕ್ಕಿಂತ ಎರಡೂವರೆ ವಾರ ತಡವಾಗಿ ಬಂತು. ಆ ಹೊತ್ತಿಗೆ ಮೊದಲ ಜೋಡಿಯಲ್ಲಿ ಉಳಿದಿದ್ದ ಗಿಡ ಹೂವು ಮುಗಿಸುತ್ತಿತ್ತು, ಎರಡನೆಯ ಜೋಡಿ ಅರ್ಧ ಮುಗಿಸಿತ್ತು. ಎಲ್ಲವನ್ನೂ ಒಂದೇ ದಿನ ಚಿವುಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೊಡಕ್ಕೆ ನೀರು ಹಿಡಿಯುತ್ತಿದ್ದೆ. ಬೆನ್ನ ಹಿಂದೆ ಗುಂಯ್ ಎಂದು ದಪ್ಪ ದನಿ ಬಂತು, ತಟ್ಟನೆ ನಿಂತು, ಸಣ್ಣ ಕಂಠದಲ್ಲಿ ಮತ್ತೆ ಶುರುವಾಯಿತು. ತಿರುಗಿದರೆ ಮೂರನೆಯ ಜೋಡಿಯ ಹೂವೊಂದು ಗುಂಗಿಯ ಭಾರಕ್ಕೆ ಬಾಗಿ ನಡುಗುತ್ತಿತ್ತು, ಹುಳುವಿನ ಎದೆಯ ತುಂಬ ಹಳದಿ ಪುಡಿ. ಅದು ಪಕ್ಕದ ಗಿಡಕ್ಕೆ ಹಾರಿತು. ಅಪ್ಪನೂ ನಾನೂ ನೋಡುತ್ತ ನಿಂತೆವು. ಕೊಡ ತುಂಬಿ ನೀರು ಕಾಲ ಮೇಲೆಲ್ಲ ಹರಿಯಿತು.

ಮೇಡಂಗೆ ಆವತ್ತೇ ನಿಜ ಹೇಳಿದೆ. ಅವರು, "ಬೀಜ ಬರ್ಲಿ, ಆಮೇಲೆ ಬೈತೀನಿ" ಅಂದರು.

ಏಳು ಗಿಡಗಳಿಂದ ನಾನೂರ ಹನ್ನೆರಡು ಬೀಜ ಬಂದವು. ಕಾಯಿ ಸಿಡಿದು ಚೆಲ್ಲಬಾರದೆಂದು ತೆಳು ಬಟ್ಟೆಯ ಚೀಲ ಕಟ್ಟಿದ್ದೂ, ಬಿಡಿಸಿದ್ದೂ, ಎಣಿಸಿದ್ದೂ ಅಪ್ಪನೇ. ಪೊಟ್ಟಣ ಕಟ್ಟುವ ದಿನ ಅವನನ್ನೂ ಉಗ್ರಾಣಕ್ಕೆ ಕರೆದುಕೊಂಡು ಹೋದೆ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮೇಡಂ ಅವನಿಗೆ ಕುರ್ಚಿ ಕೊಟ್ಟರು, ಬೈಯುವುದನ್ನು ಮರೆತರು.

ಶುಚಿ ಮಾಡುವ ಯಂತ್ರ ಅಂದರೆ ಉದ್ದನೆಯ ಗಾಜಿನ ಕೊಳವೆ. ಬುಡದಿಂದ ಗಾಳಿ ಊದುತ್ತದೆ. ತೂಕದ ಬೀಜ ಕೆಳಗೆ ನಿಲ್ಲುತ್ತದೆ, ಹಗುರಾದದ್ದು ಮೇಲಿನ ಬಟ್ಟಲಿಗೆ ಹಾರಿಹೋಗುತ್ತದೆ. ಆ ಬಟ್ಟಲನ್ನು ಕಸದ ಬುಟ್ಟಿಗೆ ಸುರಿಯುವುದು. ಹನ್ನೆರಡು ವರ್ಷದಿಂದ ಮಾಡುತ್ತಿದ್ದೇನೆ, ಕಣ್ಣುಮುಚ್ಚಿಕೊಂಡು ಮಾಡಬಲ್ಲೆ. ಬೀಜ ಸುರಿದೆ, ಗುಂಡಿ ಒತ್ತಿದೆ.

"ಮೇಲಕ್ಕೆ ಹೋದವು ಏನು?" ಅಂದ ಅಪ್ಪ.

"ಜೊಳ್ಳು."

ಅವನು ಎದ್ದು ಬಂದು ಬಟ್ಟಲಿನಿಂದ ಒಂದನ್ನು ತೆಗೆದುಕೊಂಡು ಉಗುರಿನಲ್ಲಿ ಸೀಳಿ ನನ್ನ ಮುಂದೆ ಹಿಡಿದ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತುಂಬಿಕೊಂಡಿತ್ತು. ಇನ್ನೊಂದು ಸೀಳಿದ. ಅದೂ ಹಾಗೆಯೇ. "ಜೊಳ್ಳಲ್ಲ ಕಣಮ್ಮ ಇದು. ಸಣ್ಣ ಬೀಜ ಅಷ್ಟೇ. ಸಣ್ಣವು ತಡವಾಗಿ ಹುಟ್ತವೆ. ಅದಕ್ಕೇ ನಾವು ನರ್ಸರೀಲಿ ಜರಡಿ ಹಿಡಿದು ತೆಗೆದು ಹಾಕ್ತಿದ್ವಿ."

ಯಂತ್ರ ನಿಲ್ಲಿಸಿದೆ. ಮೇಜಿನ ಮೇಲೆ ಗುಂಗಿಹೂವಿನ ಹಳೆಯ ಖಾಲಿ ಪೊಟ್ಟಣವಿತ್ತು, ಹೊಸದಕ್ಕೆ ವಿವರ ನಕಲು ಮಾಡಲೆಂದು ತೆಗೆದಿಟ್ಟಿದ್ದೆ. ಅದನ್ನು ತಿರುಗಿಸಿದೆ. ಶುಚಿ ಮಾಡಿದವರು ಎಂಬ ಗೆರೆಯ ಮೇಲೆ ನನ್ನ ಸಹಿ. ಆ ಬಯಲಿನಿಂದ ಬಂದ ಬೀಜಗಳಲ್ಲಿ ತಡವಾಗಿ ಹುಟ್ಟುವವನ್ನು ಎಷ್ಟು ಬುಟ್ಟಿಗೆ ಸುರಿದಿದ್ದೆನೋ, ಬಯಲು ಡಿಪೋ ಆಗುವ ಮುಂಚೆಯೇ. ಅಪ್ಪ ಕಿತ್ತದ್ದು ಬರೀ ಇಪ್ಪತ್ತೊಂದು ಸಸಿ.

"ನಾನೂ ಅದನ್ನೇ ಮಾಡ್ದೆ ಅಪ್ಪ" ಅಂದೆ.

ಅವನು ನನ್ನನ್ನು ಬೈಯಬಹುದಿತ್ತು. ಎದುರು ಮನೆಯವರು ತಿರುಗಿ ನೋಡುವಷ್ಟು ಕೂಗಬಹುದಿತ್ತು. ಅವನು ಮೇಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಇಳಿಸಿ, ಅದರಲ್ಲಿದ್ದುದನ್ನೆಲ್ಲ ಒಂದು ಕಾಳೂ ಬಿಡದೆ ಕೆಳಗಿನ ಬೀಜದ ಜೊತೆ ಬೆರೆಸಿದ.

ಶೀತಲ ಕೋಣೆಯ ಕೋಟು ಹಾಕಿಕೊಂಡು ನಾನು ಒಳಗೆ ಹೋದೆ. ಕಪಾಟುಗಳು ಸಾಲಾಗಿ ನಿಂತಿದ್ದವು, ಡಬ್ಬಿ ಪಕ್ಕ ಡಬ್ಬಿ, ಎಲ್ಲ ಒಪ್ಪವಾಗಿ. ಒಂದೊಂದನ್ನೇ ಹೊರಗೆಳೆದು ಪೊಟ್ಟಣ ತಿರುಗಿಸಿ ನೋಡುತ್ತ ಹೋದೆ. ನನ್ನ ಸಹಿ ಇಲ್ಲದ್ದು ಒಂದಾದರೂ ಸಿಗಲಿ ಎಂದು ಕೊನೆಯ ಸಾಲಿನವರೆಗೂ ಹುಡುಕಿದೆ. ಸಿಗಲಿಲ್ಲ.